ಸಪ್ಪೊರೊ ಪಟ್ಟಣದ ಉಪಾಧ್ಯಾಯರಾದ ಕ್ಲಾರ್ಕರು

ಒಂದು ಊರಿನಲ್ಲಿ ಕೆಲವು ಕಾಲ ಸೇವೆಮಾಡಿದ ಉಪದೇಶಿಯು ಬೇರೆ ಊರಿಗೆ ನೇಮಿಸಲ್ಪಟ್ಟಾಗ ಸಭೆಯವರು ದುಃಖಪಡುವದುಂಟು. ತಾನು ಹೋದಮೇಲೆ ಈ ಕೆಲಸದ ಗತಿಯೇನಾಗುವದೋ ಎಂದು ಉಪದೇಶಿಯೂ ಚಿಂತಿಸುವದುಂಟು. ಈ ಚಿಂತೆಯನ್ನು ನಾವೂ ಅರಿತವರೇ. ಆದದರಿಂದ ಪರದೇಶದಲ್ಲಿ ಎಂಟೇ ತಿಂಗಳು ಪಾಠಹೇಳಿ ಹಿಂದಿರುಗಿದ ಒಬ್ಬ ಉಪಾಧ್ಯಾಯರ ಚರಿತ್ರೆಯನ್ನು ಪ್ರಿಯ ವಾಚಕರ ಮುಂದೆ ಇಡುತ್ತೇವೆ.

ವಿಲ್ಯಮ್ ಸ್ಮಿತ್ ಕ್ಲಾರ್ಕರು 1826ನೆಯ ಇಸವಿಯಲ್ಲಿ ಅಮೇರಿಕದ ಮ್ಯಾಸಚೂಸೆಟ್ಸ್ ಸೀಮೆಯಲ್ಲಿ ಹುಟ್ಟಿದರು. ಇವರ ತಂದೆ ವೈದ್ಯರು. ಕ್ಲಾರ್ಕರು ಜರ್ಮನಿ ದೇಶದ ಗಟಿಂಗನ್ ವಿದ್ಯಾಪೀಠದಲ್ಲಿ ರಸಾಯನಶಾಸ್ತ್ರವನ್ನು ಕಲಿತು ಪಂಡಿತ ಪದವಿಯನ್ನು ಪಡೆದರು. ಸ್ವದೇಶದ ಅಂತರ್ಯುದ್ಧದಲ್ಲಿ ದಂಡಿನ ಅಧಿಕಾರಿಯಾಗಿದ್ದರು. 1867ರಿಂದ ತಮ್ಮ ಸೀಮೆಯ ವ್ಯವಸಾಯ ಕಲಾಶಾಲೆಗೆ ಅಧ್ಯಕ್ಷರಾದರು. ಅವರು ಮಿಶನೆರಿಯಾಗಿರಲಿಲ್ಲ ಎಂಬದನ್ನು ವಾಚಕರು ನೆನಪಿನಲ್ಲಿಡಬೇಕು.

ಆ ಕಾಲದಲ್ಲಿ ಜಪಾನಿನ ಸರಕಾರದವರು ಉತ್ತರದಲ್ಲಿರುವ ಹೊಕ್ಕೈಡೊ ಎಂಬ ಶೀತದ್ವೀಪದಲ್ಲಿ ಜನರನ್ನು ನೆಲೆಗೊಳಿಸಿ ಬೇಸಾಯವನ್ನು ಬೆಳಸಬೇಕೆಂದಿದ್ದರು. ಅದಕ್ಕಾಗಿ ಸಪ್ಪೊರೊ ಪಟ್ಟಣದಲ್ಲಿ ಒಂದು ವ್ಯವಸಾಯ ಕಲಾಶಾಲೆಯನ್ನು ಸ್ಥಾಪಿಸುವದಕ್ಕೆ ಕ್ಲಾರ್ಕರನ್ನು ಒಂದು ವರುಷದ ಕರಾರಿನ ಮೇಲೆ ಕರೆಯಿಸಿದರು. ಸಮುದ್ರಯಾಣಕ್ಕೆ ಬೇಕಾದ ದಿವಸಗಳೂ ಆ ವರುಷದೊಳಗೇ ಸೇರಿದ್ದದರಿಂದ ಪಾಠಕ್ಕೆ ಉಳಿದದ್ದು ಸ್ವಲ್ಪ ಕಾಲವೇ. 1876ನೆಯ ಆಗಸ್ಟ್ ತಿಂಗಳಲ್ಲಿ ಶಾಲೆಯು ತೆರೆಯಲ್ಪಟ್ಟಿತು.

ಜಪಾನಿನಲ್ಲಿ ಕ್ರೈಸ್ತಮತವನ್ನು ನಿಷೇಧಿಸಿದ ಹಲಿಗೆಗಳನ್ನು ತೆಗೆದುಹಾಕಿ ಆಗ ಮೂರೇ ವರುಷಗಳಾಗಿದ್ದವು. ವಿದ್ಯಾರ್ಥಿಗಳಿಗೆ ಸನ್ನಡತೆಯನ್ನು ಕಲಿಸಬೇಕೆಂದು ದ್ವೀಪದ ಅಧಿಕಾರಿಯಾದ ಕುರೊಡಾ ಎಂಬವರು ಬಯಸಿದರು. ಆದರೆ ಸತ್ಯವೇದವನ್ನು ಬೋಧಿಸಬಾರದೆಂದರು. ಸತ್ಯವೇದವಿಲ್ಲದೆ ಸನ್ನಡತೆಯನ್ನು ಕಲಿಸುವದು ತಮ್ಮಿಂದಾಗದೆಂದು ಕ್ಲಾರ್ಕರು ನಿಂತರು. ಬಹಳ ವಾದವಾದ ಮೇಲೆ ಕುರೊಡಾರವರು ಬಿಟ್ಟುಕೊಟ್ಟರು.

ಅವರ ದಿನಚರಿಯು ಕಷ್ಟವಾದದ್ದು. ಸಸ್ಯಶಾಸ್ತ್ರವೇ ಮೊದಲಾದ ಪಾಠಗಳನ್ನು ಇಂಗ್ಲಿಷಿನಲ್ಲಿ ಹೇಳುವರು. ವಿದ್ಯಾರ್ಥಿಗಳು ಬರೆದುಕೊಂಡ ಪುಸ್ತಕಗಳನ್ನು ತೆಗೆದುಕೊಂಡು ತಾವೇ ತಿದ್ದುವರು. ಹೊಲವನ್ನೂ ದನಗಳ ಕೊಟ್ಟಿಗೆಯನ್ನೂ ನೋಡಿಕೊಳ್ಳುವರು. ಮದ್ಯವನ್ನು ಬಿಡುವ ಪ್ರತಿಜ್ಞೆಯನ್ನು ಬರೆದಾಗ ವಿದ್ಯಾರ್ಥಿಗಳೊಂದಿಗೆ ತಾವೂ ರುಜುಮಾಡಿದರು. ಚಳಿಗಾಲದಲ್ಲಿ ಒಂದು ದಿವಸ ಹುಡುಗರನ್ನು ಕರೆದುಕೊಂಡು ಹಿಮ ತುಂಬಿದ ಟೇನೆ ಬೆಟ್ಟವನ್ನು ಹತ್ತಿದರು. ಒಂದು ಮರದ ಮೇಲೆ ಎತ್ತರದಲ್ಲಿ ಕಲ್ಲುಹೂವಿನ ಜಾತಿಯ ಅಪರೂಪವಾದ ಸಸ್ಯವು ಕಾಣಿಸಿತು, ಕೈಗೆ ನಿಲುಕಲಿಲ್ಲ. ಆಗ ಕ್ಲಾರ್ಕರು ಹಿಮದಲ್ಲಿ ಕೈಮೊಣಕಾಲೂರಿ ಬೊಗ್ಗಿ, ತಮ್ಮ ಬೆನ್ನಿನ ಮೇಲೆ ಹತ್ತಿ ಅದನ್ನು ಕೀಳಬೇಕೆಂದು ಒಬ್ಬನಿಗೆ ಆಜ್ಞಾಪಿಸಿದರು. ಗುರುವಿನ ನೆರಳನ್ನು ತುಳಿಯುವದಕ್ಕೂ ಅಂಜುವ ಆ ದೇಶದ ಹುಡುಗನು ಪಾದರಕ್ಷೆಗಳನ್ನು ಬಿಚ್ಚಹೋದಾಗ ಅದನ್ನೂ ಬೇಡವೆಂದರು. ಆ ಸಸ್ಯವು ಹೊಸ ಜಾತಿಯದೆಂದು ತಿಳಿದುಬಂದು, ಕ್ಲಾರ್ಕರ ಹೆಸರೇ ಅದಕ್ಕೆ ಇಡಲ್ಪಟ್ಟಿತು. ಆದರೆ ಬೆನ್ನನ್ನು ಬೊಗ್ಗಿಸಿದ ಗುರುವನ್ನು ಹುಡುಗರು ಆ ಹೆಸರಿಗಿಂತ ಹೆಚ್ಚಾಗಿ ನೆನಸಿದರು.

ಹೀಗೆ ಹೊರಡುವ ದಿವಸವು ಸಮೀಪಿಸಿತು. ಆ ಪಟ್ಟಣದಲ್ಲಿ ಸಭೆಯಿಲ್ಲ, ದೇವಾಲಯವಿಲ್ಲ, ಪಾದ್ರಿಯೂ ಇಲ್ಲ. ಈ ಎಳೆಯ ಪೈರನ್ನು ಯಾರ ಕೈಗೆ ಒಪ್ಪಿಸುವದು? ಕ್ಲಾರ್ಕರು 1877ನೆಯ ಮಾರ್ಚ್ ತಿಂಗಳಲ್ಲಿ ಯೇಸುವನ್ನು ನಂಬುವವರ ಒಡಂಬಡಿಕೆ ಎಂಬ ಪತ್ರವನ್ನು ಬರೆದು ತಾವೇ ಮೊದಲು ರುಜುಮಾಡಿದರು. ಕರ್ತನನ್ನು ಅರಿಕೆಮಾಡುವದು, ವಾರಕ್ಕೆ ಒಂದಾವರ್ತಿಯಾದರೂ ಕೂಡಿ ಸತ್ಯವೇದವನ್ನೋದಿ ಪ್ರಾರ್ಥಿಸುವದು, ಅನುಕೂಲ ದೊರೆತಾಗ ದೀಕ್ಷಾಸ್ನಾನ ಹೊಂದಿ ಸಭೆಗೆ ಸೇರುವದು, ಇವೇ ಅದರ ಸಾರ. ಮೊದಲನೆಯ ತರಗತಿಯ 16 ಮಂದಿ ಅದಕ್ಕೆ ರುಜುಹಾಕಿದರು. ಗಮನಿಸಿರಿ: ಆ ಪತ್ರವು ಅವರನ್ನು ಕ್ಲಾರ್ಕರಿಗೆ ಕಟ್ಟಲಿಲ್ಲ, ಕರ್ತನಿಗೂ ಒಬ್ಬರಿಗೊಬ್ಬರಿಗೂ ಕಟ್ಟಿತು.

ಏಪ್ರಿಲ್ 16ನೆಯ ದಿವಸ ಕ್ಲಾರ್ಕರು ಹೊರಟರು. ವಿದ್ಯಾರ್ಥಿಗಳು ಕುದುರೆಗಳನ್ನೇರಿ ಶಿಮಮತ್ಸು ಎಂಬ ಸ್ಥಳದ ವರೆಗೆ ಜೊತೆಯಲ್ಲಿ ಹೋದರು. ಅಲ್ಲಿ ಅವರು ಒಬ್ಬೊಬ್ಬನ ಕೈಹಿಡಿದು ಬೀಳ್ಕೊಟ್ಟು, ಚಿಕ್ಕದೊಂದು ಬುದ್ಧಿಮಾತನ್ನು ಹೇಳಿ ಕುದುರೆಯನ್ನೇರಿ ಮರೆಯಾದರು. ಪುನಃ ಅವರು ಆ ದೇಶವನ್ನು ನೋಡಲಿಲ್ಲ.

ಅದೇ ವರುಷ ಮೆಥೊಡಿಸ್ಟ್ ಮಿಶನೆರಿಯಾದ ಹ್ಯಾರಿಸರಿಂದ ಮೊದಲನೆಯ ತರಗತಿಯವರು ದೀಕ್ಷಾಸ್ನಾನ ಹೊಂದಿದರು. ಕ್ಲಾರ್ಕರು ಹೋದಮೇಲೆ ಬಂದ ಎರಡನೆಯ ತರಗತಿಯ 15 ಮಂದಿಯೂ ಒಡಂಬಡಿಕೆಗೆ ಸೇರಿದರು. ಪ್ರಖ್ಯಾತ ಬೋಧಕರಾದ ಉಚಿಮುರಾರವರೂ, ಮುಂದೆ ರಾಷ್ಟ್ರಸಂಘದ ಉಪಕಾರ್ಯದರ್ಶಿಗಳಾದ ನಿಟೊಬೆಯವರೂ ಇವರಲ್ಲಿದ್ದರು. ಈ ಹುಡುಗರು ಹಿಟ್ಟಿನ ಪೀಪಾಯಿಯ ಮೇಲೆ ಕಂಬಳಿಯನ್ನು ಹೊದಿಸಿ ಅದನ್ನೇ ಪ್ರಸಂಗಪೀಠವನ್ನಾಗಿ ಮಾಡಿಕೊಂಡು, ಸರದಿಯ ಪ್ರಕಾರ ಆರಾಧನೆ ನಡಿಸಿದರು. ಆಮೇಲೆ ಸ್ವಂತ ಸಭೆಯನ್ನು ಕಟ್ಟಿ, ದೇವಾಲಯಕ್ಕಾಗಿ ಮಿಶನ್ನಿನಿಂದ ಪಡೆದ ಸಾಲವನ್ನು ತಮ್ಮ ಸಣ್ಣ ಸಂಬಳಗಳಿಂದ ಉಳಿಸಿ 1882ರಲ್ಲಿ ತೀರಿಸಿದರು.

ಕ್ಲಾರ್ಕರ ಕಡೇ ದಿವಸಗಳಾದರೋ ಸುಖವಾದವುಗಳಲ್ಲ. ಗಣಿಗಳ ವ್ಯಾಪಾರಕ್ಕೆ ಕೈಹಾಕಿದರು. ಆ ಸಂಸ್ಥೆಯು 1882ರಲ್ಲಿ ಮುರಿದುಬಿತ್ತು. ನೆರೆಹೊರೆಯವರ ಹಣವೂ ಅದರೊಂದಿಗೆ ಹೋಗಿ, ಅವರ ಮಾನಕ್ಕೆ ಕುಂದುಂಟಾಯಿತು. ಇದನ್ನು ನಾವು ಮರೆಮಾಡುವದಿಲ್ಲ. ಹೃದ್ರೋಗದಿಂದ ಬಳಲಿ 1886ನೆಯ ಮಾರ್ಚ್ 9ರಲ್ಲಿ ಮೃತರಾದರು. ಸಪ್ಪೊರೊದಲ್ಲಿ ಕಳೆದ ತಿಂಗಳುಗಳ ನೆನಪೇ ಮರಣಶಯ್ಯೆಯಲ್ಲಿ ಅವರಿಗೆ ಆದರಣೆಯಾಗಿತ್ತೆಂದು ಹೇಳುತ್ತಾರೆ.

ಪ್ರಿಯ ಸಹೋದರರೇ, ಉಪದೇಶಿಯು ಬರುವನು, ಹೋಗುವನು. ಅವನು ಇಲ್ಲದ ಭಾನುವಾರದಲ್ಲಿ ನಮ್ಮ ದೇವಾಲಯದ ಬಾಗಿಲು ತೆರೆಯುವದೋ? ಸತ್ಯವೇದವನ್ನು ಓದುವವರು ಇರುವರೋ? ಕಾಣಿಕೆಯ ಪೆಟ್ಟಿಗೆಯು ಬರಿದಾಗಿರುವದೋ? ಉಪದೇಶಿಯ ಕೆಲಸವು ತಿಳಿಯುವದು ಅವನು ಹೋದಮೇಲೆಯೇ. ಪೀಪಾಯಿಯನ್ನು ಪೀಠಮಾಡಿಕೊಂಡ ಆ ಹುಡುಗರ ಧೈರ್ಯವನ್ನು ಕರ್ತನು ನಮ್ಮ ಹಳ್ಳಿಯ ಸಭೆಗಳಿಗೂ ದಯಪಾಲಿಸಲಿ.