ಹಾಸಿಗೆ ಹಿಡಿದೂ ರೋಗದ ಲೆಕ್ಕ ಬಿಡದ ನೈಟಿಂಗೇಲ್

ದೊಡ್ಡಬಳ್ಳಾಪುರ: ದೀಪ ಹಿಡಿದ ದಾದಿ ಅಂತ ನಾವೆಲ್ಲ ಶಾಲೇಲಿ ಓದಿರೋ ಫ್ಲಾರೆನ್ಸ್ ನೈಟಿಂಗೇಲ್ (1820-1910) ಲೆಕ್ಕದಲ್ಲೂ ಗಟ್ಟಿಗಿತ್ತಿ.

1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಆರೈಕೆಗೆ ಹೋದರು. ಮರುವರ್ಷ ವಿಪರೀತ ಜ್ವರ. ಆಮೇಲೆ ವರ್ಷಗಟ್ಟಲೆ ಬೆನ್ನುಮೂಳೆ ನೋವು, ಹಾಸಿಗೆಯೇ ಗತಿ. ಅದು ಬ್ರೂಸೆಲ್ಲಾ ಸೋಂಕು ಇದ್ದಿರಬೇಕು ಅನ್ನೋದು ಈಗಿನ ಹಲವರ ಅಭಿಪ್ರಾಯ. ಕಾಯಿಸದ ಹಾಲು, ಸೋಂಕು ತಗುಲಿದ ದನಗಳಿಂದ ಬರುವ ಈ ಕಾಯಿಲೆ ಕೀಲು, ಬೆನ್ನುಮೂಳೆಗಳಲ್ಲಿ ಉರಿಯೂತ ತರುತ್ತದೆ. ಮನೆಮನೇಲಿ ಹಸು ಕಟ್ಟಿರೋ ನಮ್ಮ ಕಡೆ, ಕೀಲುನೋವು ಅಂತ ಬಂದವರನ್ನ ದನ ಸಾಕಿದ್ದೀರಾ ಅಂತ ಕೇಳಿ ಚೀಟೀಲಿ ಬರೆಯೋರು ಎಷ್ಟು ಮಂದಿ?

ಒಂದೊಂದು ಆಸ್ಪತ್ರೆ ಒಂದೊಂದು ರೀತಿ ಬರೆದರೆ ಹೋಲಿಸೋದು ಹೇಗೆ? ಎಲ್ಲೆಡೆ ಒಂದೇ ನಮೂನೆ ಇರಲಿ ಎಂದು 1860ರ ಲಂಡನ್ ಅಂಕಿಅಂಶ ಸಮ್ಮೇಳನದ ಮುಂದಿಟ್ಟರು. ಭಾರತಕ್ಕೆ ಒಮ್ಮೆಯೂ ಬಂದವರಲ್ಲ. ಆದರೂ ಇಲ್ಲಿನ ಸೇನಾ ಠಾಣೆಗಳಿಗೆ ಪ್ರಶ್ನೆಪಟ್ಟಿ ಕಳಿಸಿ ಉತ್ತರ ತರಿಸಿಕೊಂಡರು. ಬೆಂಗಳೂರಿನ ಹಲಸೂರು ಕೆರೆಗೆ ಬಜಾರಿನ ಕೊಳಚೆ ಸೇರಿ, ಅದೇ ನೀರು ಕುಡಿಯೋಕೂ ಬಳಕೆಯಾಗ್ತಿದ್ದ ಸಂಗತಿ 1863ರಲ್ಲಿ ಹೊರಬಿದ್ದದ್ದು ಹೀಗೆ.

ಮಾಲ್ಟಾದಲ್ಲಿ ಡೇವಿಡ್ ಬ್ರೂಸ್ ಈ ರೋಗಾಣು ಪತ್ತೆ ಹಚ್ಚಿದ್ದು 1887ರಲ್ಲಿ. ನೈಟಿಂಗೇಲ್ ಜ್ವರಕ್ಕೆ ಆಗಲೇ 32 ವರ್ಷ.