ಬೆಂಗಳೂರು ನಾಗರತ್ನಮ್ಮ: ಗ್ರಂಥಸಂಪಾದನೆ, ಸಂಗೀತ ಮತ್ತು ಸ್ತ್ರೀಯ ಅಧಿಕಾರದ ಪ್ರಶ್ನೆ

ವಸಾಹತುಪೂರ್ವ ದಕ್ಷಿಣ ಭಾರತದಲ್ಲಿ ಓದು, ಬರಹ, ಸಂಗೀತ, ನೃತ್ಯಗಳನ್ನು ಶಾಸ್ತ್ರೋಕ್ತವಾಗಿ ಅಭ್ಯಾಸ ಮಾಡಲು ಅವಕಾಶವಿದ್ದ ಸ್ತ್ರೀಸಮುದಾಯಗಳಲ್ಲಿ ದೇವದಾಸಿಯರದು ಪ್ರಮುಖವಾದುದು. ಅವರ ವಿದ್ವತ್ತನ್ನು ಮೆಚ್ಚಿದ ಸಮಾಜವೇ ಆ ವಿದ್ವತ್ತಿಗೆ ಸಲ್ಲಬೇಕಾದ ಅಧಿಕಾರವನ್ನು ನಿರಾಕರಿಸಿತು. ಬೆಂಗಳೂರು ನಾಗರತ್ನಮ್ಮನವರ (1878–1952) ಬದುಕು ಈ ವೈರುಧ್ಯದ ನಡುವೆಯೇ ರೂಪುಗೊಂಡಿತು. ಸಂಗೀತ ಚರಿತ್ರೆಯಲ್ಲಿ ತ್ಯಾಗರಾಜರ ಸಮಾಧಿಯನ್ನು ಉದ್ಧರಿಸಿದ ಭಕ್ತೆಯೆಂದೂ, ಸಾಹಿತ್ಯ ಚರಿತ್ರೆಯಲ್ಲಿ ನಿಷೇಧಕ್ಕೊಳಗಾದ ಶೃಂಗಾರಕಾವ್ಯವೊಂದರ ಸಂಪಾದಕಿಯೆಂದೂ ಅವರನ್ನು ಬೇರೆಬೇರೆಯಾಗಿ ಗುರುತಿಸುವುದು ವಾಡಿಕೆ. ಆದರೆ ಈ ಎರಡೂ ಕಾರ್ಯಗಳ ಹಿಂದೆ ಇರುವುದು ಒಂದೇ ಪ್ರಶ್ನೆ: ಒಂದೇ ಕೆಲಸವನ್ನು ಗಂಡು ಮಾಡಿದಾಗ ಒಂದು ಅಳತೆಗೋಲು, ಹೆಣ್ಣು ಮಾಡಿದಾಗ ಮತ್ತೊಂದು ಏಕೆ?

ನಾಗರತ್ನಮ್ಮನವರು 1878ರ ನವೆಂಬರ್ 3ರಂದು ನಂಜನಗೂಡಿನಲ್ಲಿ ಜನಿಸಿದರು. ತಾಯಿ ಪುಟ್ಟಲಕ್ಷ್ಮಿ ದೇವದಾಸಿ ಸಮುದಾಯಕ್ಕೆ ಸೇರಿದವರು. ಅವರಿಗೆ ಆಶ್ರಯ ನೀಡಿದ್ದ ವಕೀಲ ಸುಬ್ಬರಾಯರು ತಾಯಿ-ಮಗಳನ್ನು ಕೈಬಿಟ್ಟರು. ಮಗಳ ವಿದ್ಯೆಯೇ ಬದುಕಿಗೆ ಆಸರೆಯೆಂದು ಭಾವಿಸಿದ ಪುಟ್ಟಲಕ್ಷ್ಮಿ ಮೈಸೂರಿಗೆ ಬಂದು, ಆಸ್ಥಾನದ ವಿದ್ವಾಂಸರಾಗಿದ್ದ ಗಿರಿಭಟ್ಟರ ತಮ್ಮಯ್ಯನವರಲ್ಲಿ ಮಗುವಿಗೆ ಸಂಸ್ಕೃತ ಮತ್ತು ಸಂಗೀತದ ಪಾಠ ಹೇಳಿಸಿದರು. ಆ ಪಾಠ ನಡುವೆಯೇ ನಿಂತುಹೋಯಿತು. ಗುರುವಿನ ನಿರಾಕರಣೆಯಿಂದ ನೊಂದ ತಾಯಿ ಮಗಳನ್ನು ವಿದುಷಿಯನ್ನಾಗಿ ಮಾಡಿಯೇ ತೀರಬೇಕೆಂಬ ಛಲದಿಂದ ಮೈಸೂರನ್ನು ತೊರೆದರೆಂದು ಚರಿತ್ರಕಾರರು ದಾಖಲಿಸಿದ್ದಾರೆ. ಮುಂದೆ ಬೆಂಗಳೂರಿನಲ್ಲಿ ಮುನಿಸ್ವಾಮಪ್ಪನವರಲ್ಲಿ ನಾಗರತ್ನಮ್ಮನವರ ಸಂಗೀತಾಭ್ಯಾಸ ನಡೆಯಿತು. ಮುನಿಸ್ವಾಮಪ್ಪನವರು ವಾಲಾಜಪೇಟೆಯ ಕೃಷ್ಣಸ್ವಾಮಿ ಭಾಗವತರ ಮೂಲಕ ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದವರು. ಹೀಗೆ ಬಾಲ್ಯದಲ್ಲೇ ದೊರೆತ ಈ ಪರಂಪರೆಯ ನಂಟು ಅವರ ಉತ್ತರಾರ್ಧದ ಬದುಕನ್ನು ನಿರ್ದೇಶಿಸಿತು.

ಹದಿಹರೆಯದಲ್ಲೇ ತಾಯಿಯನ್ನು ಕಳೆದುಕೊಂಡ ನಾಗರತ್ನಮ್ಮನವರು ಮೈಸೂರಿನ ವೀಣೆ ಶೇಷಣ್ಣನವರ ಮನೆಯಲ್ಲಿ ವಿದ್ವಾಂಸರ ಸಮ್ಮುಖದಲ್ಲಿ ತಮ್ಮ ಕಲೆಯನ್ನು ಪ್ರದರ್ಶಿಸಿ ಮನ್ನಣೆ ಪಡೆದರು. ಅನಂತರ ಬೆಂಗಳೂರಿನಲ್ಲಿ ಮೈಸೂರು ಚೀಫ್ ಕೋರ್ಟಿನ ನ್ಯಾಯಾಧೀಶರಾಗಿದ್ದ ನರಹರಿರಾಯರ ಪೋಷಣೆ ದೊರೆಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವರು ಮದರಾಸಿನಲ್ಲಿ ನೆಲೆಸಿದರು. ಕಚೇರಿ, ಹರಿಕಥೆ ಮತ್ತು ಗ್ರಾಮೊಫೋನ್ ಮುದ್ರಿಕೆಗಳ ಮೂಲಕ ಕೀರ್ತಿಯನ್ನೂ ಸಂಪತ್ತನ್ನೂ ಗಳಿಸಿದರು. ಕನ್ನಡ, ತೆಲುಗು, ತಮಿಳು, ಸಂಸ್ಕೃತಗಳಲ್ಲಿ ಅವರಿಗಿದ್ದ ಪರಿಣತಿಯು ಅವರನ್ನು ಕೇವಲ ಗಾಯನಕ್ಕೆ ಸೀಮಿತಗೊಳಿಸಲಿಲ್ಲ. ಗ್ರಂಥಸಂಪಾದನೆಯ ಕ್ಷೇತ್ರಕ್ಕೆ ಅವರು ಪ್ರವೇಶಿಸಿದ್ದು ಈ ಬಹುಭಾಷಿಕ ವಿದ್ವತ್ತಿನ ಬಲದಿಂದಲೇ.

ಅವರು ಆಯ್ದುಕೊಂಡ ಕೃತಿ ತೆಲುಗಿನ ‘ರಾಧಿಕಾ ಸಾಂತ್ವನಮು’. ಇದರ ಕರ್ತೃ ಮುದ್ದುಪಳನಿ ತಂಜಾವೂರಿನ ಮರಾಠಾ ಅರಸ ಪ್ರತಾಪಸಿಂಹನ (ಆಳ್ವಿಕೆ 1739–1763) ಆಸ್ಥಾನದಲ್ಲಿದ್ದ ದೇವದಾಸಿ ಕವಯಿತ್ರಿ. ಕೃಷ್ಣ ಮತ್ತು ಇಳೆಯರ ಸಮಾಗಮದಿಂದ ರಾಧೆಯಲ್ಲಿ ಹುಟ್ಟುವ ಅಸೂಯೆ, ವಿರಹ, ಮುನಿಸು ಹಾಗೂ ಕೊನೆಯಲ್ಲಿ ಕೃಷ್ಣನಿಂದ ದೊರೆಯುವ ಸಾಂತ್ವನ ಈ ಶೃಂಗಾರಪ್ರಬಂಧದ ವಸ್ತು. ಶೃಂಗಾರವು ತಂಜಾವೂರಿನ ಕಾವ್ಯಪರಂಪರೆಗೆ ಹೊಸದಲ್ಲ. ಆದರೆ ಕಾಮನೆಯನ್ನು ಹೆಣ್ಣಿನ ದೃಷ್ಟಿಯಿಂದ ನಿರೂಪಿಸಿ, ರಾಧೆಯನ್ನು ಬಯಕೆಯ ವಿಷಯವಾಗಿ ಅಲ್ಲದೆ ಬಯಸುವ ವ್ಯಕ್ತಿಯಾಗಿ ಚಿತ್ರಿಸಿದ್ದು ಮುದ್ದುಪಳನಿಯ ವೈಶಿಷ್ಟ್ಯ. ಕಾವ್ಯದ ಪೀಠಿಕೆಯಲ್ಲಿ ಆಕೆ ತನ್ನ ಅಜ್ಜಿಯಿಂದ ಮೊದಲ್ಗೊಂಡು ವಂಶದ ಸ್ತ್ರೀಯರನ್ನು ಹೆಸರಿಸಿ, ತನ್ನ ವಿದ್ವತ್ತನ್ನೂ ಸಂಕೋಚವಿಲ್ಲದೆ ಹೇಳಿಕೊಂಡಿದ್ದಾಳೆ.

ಸಿ.ಪಿ. ಬ್ರೌನ್ ಅವರ ಒಡನಾಡಿಯಾಗಿದ್ದ ಪೈಡಿಪಾಟಿ ವೆಂಕಟನರಸು 1887ರಲ್ಲಿ ಈ ಕಾವ್ಯವನ್ನು ಮುದ್ರಿಸಿದ್ದರು. ಆ ಮುದ್ರಣದಲ್ಲಿ ಹಲವು ಪದ್ಯಗಳೂ ಕವಯಿತ್ರಿಯ ಆತ್ಮಪರಿಚಯವಿದ್ದ ಪೀಠಿಕೆಯೂ ಇರಲಿಲ್ಲ. ಗ್ರಂಥಸಂಪಾದನೆಯ ದೃಷ್ಟಿಯಿಂದ ಇದು ಸಣ್ಣ ಲೋಪವಲ್ಲ. ಪದ್ಯಗಳ ಲೋಪ ಕಾವ್ಯದ ಪಾಠವನ್ನು ಕುಂದಿಸಿದರೆ, ಪೀಠಿಕೆಯ ಲೋಪ ಆ ಪಾಠದ ಹಿಂದಿದ್ದ ಸ್ತ್ರೀಯನ್ನೇ ಮರೆಮಾಡಿತು. ಹಸ್ತಪ್ರತಿಯೊಂದನ್ನು ದೊರಕಿಸಿಕೊಂಡ ನಾಗರತ್ನಮ್ಮನವರು ಅದನ್ನು ಅಚ್ಚಿನ ಪಾಠದೊಂದಿಗೆ ಹೋಲಿಸಿ ನೋಡಿ, ಬಿಟ್ಟುಹೋದ ಭಾಗಗಳನ್ನು ಸೇರಿಸಿ ಸಮಗ್ರ ಪಾಠವನ್ನು ಸಿದ್ಧಪಡಿಸಿದರು. ಮದರಾಸಿನ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಪ್ರಕಾಶನಸಂಸ್ಥೆ 1910ರಲ್ಲಿ ಅದನ್ನು ಪ್ರಕಟಿಸಿತು.

ಈ ಆವೃತ್ತಿಗೆ ನಾಗರತ್ನಮ್ಮನವರು ಬರೆದ ಮುನ್ನುಡಿ ತನ್ನ ಕಾಲದ ವಿಮರ್ಶೆಯ ಇಬ್ಬಗೆಯ ನೀತಿಯನ್ನು ನೇರವಾಗಿ ಎದುರಿಸುತ್ತದೆ. ವಿಧವಾವಿವಾಹ ಮತ್ತು ಸ್ತ್ರೀಶಿಕ್ಷಣಗಳ ಪ್ರತಿಪಾದಕರಾಗಿದ್ದ ಕಂದುಕೂರಿ ವೀರೇಶಲಿಂಗಂ ಅವರು ತಮ್ಮ ತೆಲುಗು ಕವಿಚರಿತ್ರೆಯಲ್ಲಿ ಮುದ್ದುಪಳನಿಯ ನಡತೆಯನ್ನು ಹೀಗಳೆದು, ಕಾವ್ಯದ ಕೆಲವು ಭಾಗಗಳು ಸ್ತ್ರೀಯೊಬ್ಬಳ ಬಾಯಿಂದ ಬರಲು ಯೋಗ್ಯವಲ್ಲವೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದ್ದರು. ಲಜ್ಜೆಯೆಂಬ ಗುಣ ಹೆಣ್ಣಿಗೆ ಮಾತ್ರ ಸಹಜವೇ, ಗಂಡಿಗೆ ಬೇಡವೇ ಎಂಬುದು ನಾಗರತ್ನಮ್ಮನವರ ಮರುಪ್ರಶ್ನೆಯಾಗಿತ್ತು. ವೀರೇಶಲಿಂಗಂ ಅವರೇ ಪರಿಷ್ಕರಿಸಿ ಪ್ರಕಟಣೆಗೆ ಒಪ್ಪಿಗೆ ನೀಡಿದ್ದ ‘ವೈಜಯಂತೀವಿಲಾಸಮು’ ಕಾವ್ಯದಲ್ಲಿ ಇದಕ್ಕಿಂತ ಹೆಚ್ಚು ಬಿಚ್ಚಾದ ವರ್ಣನೆಗಳಿರುವುದನ್ನು ಅವರು ತೋರಿಸಿಕೊಟ್ಟರು. ಕಾವ್ಯದ ಗುಣದೋಷಗಳನ್ನು ಕವಿಯ ಲಿಂಗ ಮತ್ತು ಸಾಮಾಜಿಕ ಸ್ಥಾನಗಳಿಂದ ಅಳೆಯುವ ಕ್ರಮವನ್ನು ಪಠ್ಯಸಾಕ್ಷ್ಯದ ಮೂಲಕವೇ ಪ್ರಶ್ನಿಸಿದ್ದು ಈ ಮುನ್ನುಡಿಯ ಮಹತ್ವ. ಸಮಾಜಸುಧಾರಣೆಯ ಸಂಕಥನವೂ ಪುರುಷದೃಷ್ಟಿಯಿಂದ ಪೂರ್ತಿಯಾಗಿ ಬಿಡುಗಡೆ ಹೊಂದಿರಲಿಲ್ಲ ಎಂಬುದನ್ನು ಅದು ಸ್ಪಷ್ಟಪಡಿಸುತ್ತದೆ.

ಪುಸ್ತಕದ ವಿರುದ್ಧ ಪತ್ರಿಕೆಗಳಲ್ಲಿ ಆಕ್ಷೇಪಗಳು ಬಂದವು. 1911ರಲ್ಲಿ ಮದರಾಸಿನ ಪೊಲೀಸರು ಪ್ರತಿಗಳನ್ನು ವಶಪಡಿಸಿಕೊಂಡರು. ಅಶ್ಲೀಲ ಸಾಹಿತ್ಯವೆಂಬ ಆರೋಪದ ಮೇಲೆ ಕೃತಿಗೆ ನಿಷೇಧ ಬಂದಿತು. ಪಂಡಿತರು ಮತ್ತು ಪ್ರಕಾಶಕರು ಸಲ್ಲಿಸಿದ ಮನವಿಗಳು ಫಲ ನೀಡಲಿಲ್ಲ. ತಂಗುಟೂರಿ ಪ್ರಕಾಶಂ ಅವರ ಆಡಳಿತಕಾಲದಲ್ಲಿ ಈ ನಿಷೇಧ ತೆರವಾಗುವವರೆಗೆ ಮೂರೂವರೆ ದಶಕಗಳು ಕಳೆದವು. ವಸಾಹತುಶಾಹಿಯ ಕಾನೂನು ಮತ್ತು ದೇಶೀಯ ಮಧ್ಯಮವರ್ಗದ ಸಭ್ಯತೆಯ ಕಲ್ಪನೆಗಳು ಹೆಣ್ಣಿನ ಬರಹದ ವಿಷಯದಲ್ಲಿ ಹೇಗೆ ಕೈಜೋಡಿಸಿದವು ಎಂಬುದಕ್ಕೆ ಈ ಪ್ರಕರಣ ಒಂದು ನಿದರ್ಶನ.

ಇದೇ ಅವಧಿಯಲ್ಲಿ ದೇವದಾಸಿ ಪದ್ಧತಿಯ ವಿರುದ್ಧದ ಚಳವಳಿಯೂ ಬಲಗೊಂಡಿತು. ಮೈಸೂರು ಸಂಸ್ಥಾನವು 1909ರಲ್ಲಿ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ರದ್ದುಗೊಳಿಸಿತ್ತು. ಮದರಾಸಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ 1927ರಲ್ಲಿ ವಿಧಾನ ಪರಿಷತ್ತಿನಲ್ಲಿ ಈ ಪದ್ಧತಿಯ ನಿಷೇಧಕ್ಕೆ ಗೊತ್ತುವಳಿ ಮಂಡಿಸಿದರು. ಇದನ್ನು ವಿರೋಧಿಸಿದ ಮದರಾಸಿನ ದೇವದಾಸಿಯರ ಸಂಘದ ನೇತೃತ್ವವನ್ನು ನಾಗರತ್ನಮ್ಮನವರು ವಹಿಸಿದರು. ದೇವದಾಸಿಯರನ್ನು ವೇಶ್ಯೆಯರೊಂದಿಗೆ ಸಮೀಕರಿಸಬಾರದು, ತಮ್ಮ ಸಮುದಾಯಕ್ಕೆ ಬೇಕಾದದ್ದು ಶಿಕ್ಷಣ ಎಂಬುದು ಸಂಘದ ವಾದವಾಗಿತ್ತು.

ಈ ಸಂಘರ್ಷವನ್ನು ಪ್ರಗತಿ ಮತ್ತು ಸಂಪ್ರದಾಯಗಳ ನಡುವಿನ ಸರಳ ವಿರೋಧವಾಗಿ ಓದುವುದು ಸಾಧ್ಯವಿಲ್ಲ. ಮುತ್ತುಲಕ್ಷ್ಮಿ ರೆಡ್ಡಿಯವರ ತಾಯಿಯೂ ದೇವದಾಸಿ ಹಿನ್ನೆಲೆಯವರೇ. ಎಳೆಯ ಹೆಣ್ಣುಮಕ್ಕಳನ್ನು ಅವರ ಒಪ್ಪಿಗೆಯಿಲ್ಲದೆ ಸಮರ್ಪಿಸುವ, ಪೋಷಕನ ಮರ್ಜಿಗೆ ಒಳಪಡಿಸುವ ಪದ್ಧತಿಯ ಕ್ರೌರ್ಯ ಅವರ ಹೋರಾಟಕ್ಕೆ ಕಾರಣವಾಗಿತ್ತು. ಆ ಕ್ರೌರ್ಯಕ್ಕೆ ಪುಟ್ಟಲಕ್ಷ್ಮಿಯವರ ಬದುಕೇ ಸಾಕ್ಷಿ. ಇನ್ನೊಂದು ಕಡೆ, ದೇವದಾಸಿಯರಿಗೆ ಆಸ್ತಿಯನ್ನು ಹೊಂದುವ, ಹೆಣ್ಣುಮಕ್ಕಳನ್ನು ದತ್ತು ತೆಗೆದುಕೊಳ್ಳುವ, ತಾಯಿಯಿಂದ ಮಗಳಿಗೆ ಆಸ್ತಿ ಸಾಗುವ ರೂಢಿಯ ಹಕ್ಕುಗಳಿದ್ದವು. ಅಂದಿನ ಹಿಂದೂ ಕಾನೂನಿನಲ್ಲಿ ವಿಧವೆಗೆ ಗಂಡನಿಂದ ಬಂದ ಆಸ್ತಿಯ ಮೇಲೆ ಸೀಮಿತ ಹಕ್ಕು ಮಾತ್ರವಿತ್ತು. ಪೂರ್ಣ ಒಡೆತನ ದೊರೆತದ್ದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದ. ಹೆಣ್ಣನ್ನು ಶೋಷಣೆಯಿಂದ ಬಿಡಿಸುವುದು ಮತ್ತು ಆಕೆಯ ವಿದ್ಯೆ, ಆಸ್ತಿಗಳನ್ನು ಉಳಿಸುವುದು ಎಂಬ ಎರಡು ನ್ಯಾಯಯುತ ಬೇಡಿಕೆಗಳು ಇಲ್ಲಿ ಪರಸ್ಪರ ಎದುರಾದವು. 1947ರ ಮದರಾಸ್ ಕಾಯಿದೆ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿತು. ಮೊದಲನೆಯ ಬೇಡಿಕೆಗೆ ಹೀಗೆ ಕಾನೂನಿನ ಬೆಂಬಲ ದೊರೆಯಿತು. ಎರಡನೆಯದಕ್ಕೆ ಆ ಬಗೆಯ ಬೆಂಬಲ ದೊರೆಯಲಿಲ್ಲ.

ನಾಗರತ್ನಮ್ಮನವರ ಬದುಕಿನ ಉತ್ತರಾರ್ಧ ಕಾವೇರಿ ತೀರದ ತಿರುವೈಯಾರಿಗೆ ಸಂಬಂಧಿಸಿದುದು. 1847ರಲ್ಲಿ ನಿಧನರಾದ ತ್ಯಾಗರಾಜರ ಸಮಾಧಿ ಅಲ್ಲಿ ಪಾಳುಬಿದ್ದ ಸ್ಥಿತಿಯಲ್ಲಿತ್ತು. ಅದರ ದುಃಸ್ಥಿತಿಯನ್ನು ಅವರ ಗಮನಕ್ಕೆ ತಂದವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರು. ನಾಗರತ್ನಮ್ಮನವರು ತಮ್ಮ ಗಳಿಕೆಯನ್ನೂ ಒಡವೆಗಳನ್ನೂ ಇದಕ್ಕಾಗಿ ವಿನಿಯೋಗಿಸಿ ಜಾಗವನ್ನು ಪಡೆದುಕೊಂಡರು. 1921ರ ಅಕ್ಟೋಬರಿನಲ್ಲಿ ಗುಡಿಗೆ ಅಡಿಗಲ್ಲು ಬಿದ್ದು, 1925ರ ಜನವರಿಯಲ್ಲಿ ಪ್ರತಿಷ್ಠಾಪನೆ ನೆರವೇರಿತು. ಅಲ್ಲಿ ನಡೆಯುತ್ತಿದ್ದ ವಾರ್ಷಿಕ ಆರಾಧನೆ ಪುರುಷ ವಿದ್ವಾಂಸರ ಎರಡು ಪಂಗಡಗಳ ಹಿಡಿತದಲ್ಲಿತ್ತು. ಪರಸ್ಪರ ಭಿನ್ನಾಭಿಪ್ರಾಯವಿದ್ದ ಈ ಪಂಗಡಗಳು ಸ್ತ್ರೀಯರಿಗೆ ಹಾಡಲು ಅವಕಾಶ ನೀಡಬಾರದೆಂಬ ವಿಷಯದಲ್ಲಿ ಮಾತ್ರ ಒಮ್ಮತ ಹೊಂದಿದ್ದವು. ಗುಡಿಯನ್ನು ಕಟ್ಟಿಸಿದವರಿಗೇ ಅದರ ಮುಂದೆ ಹಾಡುವ ಹಕ್ಕಿರಲಿಲ್ಲ.

ನಾಗರತ್ನಮ್ಮನವರು 1927ರಿಂದ ಗುಡಿಯ ಹಿಂಭಾಗದಲ್ಲಿ ಸ್ತ್ರೀಯರದೇ ಆದ ಪ್ರತ್ಯೇಕ ಆರಾಧನೆಯನ್ನು ಆರಂಭಿಸಿದರು. ಇದು ಪೆಣ್‌ಗಳ್ ಕಚ್ಚಿ, ಅಂದರೆ ಹೆಂಗಸರ ಪಕ್ಷ ಎಂದು ಹೆಸರಾಯಿತು. ಪುರುಷರ ಆರಾಧನೆಗೆ ಸಮಾನಾಂತರವಾಗಿ ವರ್ಷವರ್ಷವೂ ನಡೆದ ಈ ಗಾಯನ ಹಕ್ಕಿನ ಪ್ರತಿಪಾದನೆಯೇ ಆಗಿತ್ತು. ಪಂಗಡಗಳೆಲ್ಲ ಒಂದಾಗಿ 1941ರಲ್ಲಿ ಸಂಯುಕ್ತ ಆರಾಧನೆ ನಡೆದಾಗ ಸ್ತ್ರೀಯರಿಗೂ ಅದರಲ್ಲಿ ಸ್ಥಾನ ದೊರೆಯಿತು. ಬದುಕಿನ ಕೊನೆಯ ವರ್ಷಗಳನ್ನು ತಿರುವೈಯಾರಿನಲ್ಲೇ ಕಳೆದ ಅವರು ಸಂಸ್ಕೃತದಲ್ಲಿ ತ್ಯಾಗರಾಜ ಅಷ್ಟೋತ್ತರಶತ ನಾಮಾವಳಿಯನ್ನು ರಚಿಸಿದರು. ತಮ್ಮ ಆಸ್ತಿಯನ್ನು ಸಮಾಧಿಯ ಸೇವೆಗೆ ಬಿಟ್ಟುಕೊಡುವ ಉಯಿಲಿನಲ್ಲಿ, ದೇವದಾಸಿಯರನ್ನೂ ಒಳಗೊಂಡಂತೆ ಎಲ್ಲ ಸ್ತ್ರೀಯರಿಗೂ ಅಲ್ಲಿ ಪೂಜಿಸುವ ಮತ್ತು ಹಾಡುವ ಹಕ್ಕಿರಬೇಕೆಂದು ವಿಧಿಸಿದರು. 1952ರ ಮೇ 19ರಂದು ಅವರು ನಿಧನರಾದರು. ಅವರ ಸಮಾಧಿ ತ್ಯಾಗರಾಜರ ಸನ್ನಿಧಿಯ ಸಮೀಪದಲ್ಲೇ ಇದೆ. ‘ರಾಧಿಕಾ ಸಾಂತ್ವನಮು’ವಿನ ಹೊಸ ಮುದ್ರಣ ಹೊರಬಂದದ್ದೂ ಅದೇ ವರ್ಷ.

ಮುದ್ರಿತ ಗ್ರಂಥ, ಕಟ್ಟಿದ ಗುಡಿ, ಬರೆದಿಟ್ಟ ಉಯಿಲು ಇವು ಮೂರೂ ನಾಗರತ್ನಮ್ಮನವರು ತಮ್ಮ ಹಕ್ಕಿನ ಪ್ರತಿಪಾದನೆಗೆ ಆಯ್ದುಕೊಂಡ ಮಾಧ್ಯಮಗಳು. ಪ್ರದರ್ಶನಕಲೆಯ ಕೀರ್ತಿ ಕ್ಷಣಿಕವಾದುದು. ಅದನ್ನು ಮೆಚ್ಚಿದವರೇ ಮರೆಯಬಲ್ಲರು. ದಾಖಲೆ ಮತ್ತು ಒಡೆತನಗಳು ಅಷ್ಟು ಸುಲಭವಾಗಿ ಅಳಿಯುವುದಿಲ್ಲ. ಗುಡಿಗೆ ಜಾಗ ಪಡೆಯಲು, ಉಯಿಲು ಬರೆಯಲು ಅವರಿಗೆ ಸಾಧ್ಯವಾದದ್ದು ಅವರ ಗಳಿಕೆಯ ಮೇಲೆ ಅವರಿಗೇ ಅಧಿಕಾರವಿದ್ದುದರಿಂದ. ಸ್ತ್ರೀಸಾಹಿತ್ಯದ ಚರಿತ್ರೆಯನ್ನು ಕಟ್ಟುವಾಗ ಬರೆದವರ ಜೊತೆಗೆ ಅಳಿಸಿಹೋದ ಬರಹವನ್ನು ಮರಳಿ ಸ್ಥಾಪಿಸಿದವರನ್ನೂ ಪರಿಗಣಿಸಬೇಕಾಗುತ್ತದೆ. ಲುಪ್ತವಾಗಿದ್ದ ಪೀಠಿಕೆಯೊಂದನ್ನು ಅದರ ಸ್ಥಾನಕ್ಕೆ ಮರಳಿಸಿದ ನಾಗರತ್ನಮ್ಮನವರ ಕಾರ್ಯ ಪಾಠನಿಷ್ಠೆಯೂ ಹೌದು, ಒಬ್ಬ ಸ್ತ್ರೀ ಇನ್ನೊಬ್ಬ ಸ್ತ್ರೀಗೆ ದೊರಕಿಸಿಕೊಟ್ಟ ನ್ಯಾಯವೂ ಹೌದು.