ಸೆಬಾಸ್ಟಿಯನ್ ಕ್ನೈಪ್

ಸೆಬಾಸ್ಟಿಯನ್ ಕ್ನೈಪ್ (೧೭ ಮೇ ೧೮೨೧ – ೧೭ ಜೂನ್ ೧೮೯೭) ಜರ್ಮನಿಯ ಬವೇರಿಯಾ ಪ್ರಾಂತ್ಯದ ಕ್ಯಾಥೊಲಿಕ್ ಧರ್ಮಗುರು ಹಾಗೂ ಜಲಚಿಕಿತ್ಸೆಯ ಪ್ರವರ್ತಕರಲ್ಲಿ ಪ್ರಮುಖರು. ತಣ್ಣೀರು, ಗಿಡಮೂಲಿಕೆ, ಸರಳ ಆಹಾರ ಮತ್ತು ಬರಿಗಾಲ ನಡಿಗೆಯನ್ನು ಆಧರಿಸಿದ ಅವರ ಪದ್ಧತಿಯು ಕ್ನೈಪ್ ಚಿಕಿತ್ಸೆ ಎಂದು ಪ್ರಸಿದ್ಧವಾಗಿದೆ. ವೈದ್ಯಪದವಿ ಪಡೆಯದ ಕ್ನೈಪ್, ರೋಗಿಗಳ ಆರೈಕೆಯನ್ನು ತಮ್ಮ ಗುರುಸೇವೆಯ ಭಾಗವೆಂದೇ ಭಾವಿಸಿದ್ದರು.

ಜನನ ಮತ್ತು ಬಾಲ್ಯ

ಕ್ನೈಪ್ ಅವರು ಒಟ್ಟೊಬಾಯ್ರನ್ ಬಳಿಯ ಸ್ಟೆಫಾನ್ಸ್‌ರೀಡ್ ಎಂಬ ಚಿಕ್ಕ ಹಳ್ಳಿಯಲ್ಲಿ ಬಡ ನೇಕಾರ ಕುಟುಂಬದಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ಅವರು ತಂದೆಯೊಡನೆ ಮಗ್ಗದಲ್ಲಿ ಕುಳಿತು ದುಡಿಯಬೇಕಾಯಿತು. ಧರ್ಮಗುರುವಾಗಬೇಕೆಂಬ ಹಂಬಲ ಬಾಲ್ಯದಿಂದಲೇ ಇದ್ದರೂ ಓದಿಗೆ ಬೇಕಾದ ಹಣವಿರಲಿಲ್ಲ. ಕೂಲಿಯಿಂದ ಉಳಿಸಿ ಕೂಡಿಟ್ಟಿದ್ದ ೭೦ ಗುಲ್ಡನ್‌ಗಳು, ಅವರಿಗೆ ಸುಮಾರು ಇಪ್ಪತ್ತು ವರ್ಷವಾಗಿದ್ದಾಗ ಮನೆಗೆ ಬಿದ್ದ ಬೆಂಕಿಯಲ್ಲಿ ನಾಶವಾದವು. ಆ ಬಳಿಕ ಅವರು ಊರು ಬಿಟ್ಟು, ಕಲಿಸುವವರನ್ನು ಹುಡುಕುತ್ತಾ ಹೊರಟರು. ದೂರದ ಸಂಬಂಧಿಯೂ ಗ್ರೋನೆನ್‌ಬಾಖ್‌ನ ಧರ್ಮಗುರುವೂ ಆಗಿದ್ದ ಮಥಿಯಾಸ್ ಮೆರ್ಕ್ಲೆ ಅವರಿಗೆ ಲ್ಯಾಟಿನ್ ಕಲಿಸಿ ಆಸರೆಯಾದರು. ೧೮೪೪ರಲ್ಲಿ ಕ್ನೈಪ್ ಡಿಲಿಂಗೆನ್ ಪಟ್ಟಣದ ಪ್ರೌಢಶಾಲೆಯನ್ನು ಸೇರಿದಾಗ ಅವರ ಸಹಪಾಠಿಗಳೆಲ್ಲರೂ ಅವರಿಗಿಂತ ಬಹಳ ಕಿರಿಯರಾಗಿದ್ದರು.

ಅನಾರೋಗ್ಯ ಮತ್ತು ಜಲಚಿಕಿತ್ಸೆಯ ಪರಿಚಯ

ವಿದ್ಯಾರ್ಥಿ ದೆಸೆಯಲ್ಲಿ ಕ್ನೈಪ್ ಕ್ಷಯರೋಗಕ್ಕೆ ತುತ್ತಾದರು. ಅಂದು ಈ ರೋಗಕ್ಕೆ ಪರಿಣಾಮಕಾರಿಯಾದ ಔಷಧವಿರಲಿಲ್ಲ. ಹದಿನೆಂಟನೆಯ ಶತಮಾನದ ವೈದ್ಯ ಯೋಹಾನ್ ಸೀಗ್ಮುಂಡ್ ಹಾನ್ ತಣ್ಣೀರಿನ ಗುಣಗಳ ಬಗ್ಗೆ ಬರೆದ ಪುಸ್ತಕವೊಂದು ಅವರ ಕೈಗೆ ಸಿಕ್ಕಿತು. ಅದನ್ನು ಓದಿದ ಅವರು ೧೮೪೯ರ ಚಳಿಗಾಲದಲ್ಲಿ ಡ್ಯಾನ್ಯೂಬ್ ನದಿಯ ಕೊರೆಯುವ ನೀರಿನಲ್ಲಿ ಕೆಲವೇ ಕ್ಷಣ ಮುಳುಗಿ, ಮೈ ಬೆಚ್ಚಗಾಗುವಂತೆ ಓಡುತ್ತಾ ಮನೆಗೆ ಮರಳುವ ಅಭ್ಯಾಸವನ್ನು ಆರಂಭಿಸಿದರು. ಕ್ರಮೇಣ ಅವರ ಆರೋಗ್ಯ ಸುಧಾರಿಸಿತು. ಕೆಲವು ಕ್ಷಯರೋಗಿಗಳು ಯಾವುದೇ ಚಿಕಿತ್ಸೆಯಿಲ್ಲದೆ ಚೇತರಿಸಿಕೊಳ್ಳುವುದೂ ಉಂಟಾದ್ದರಿಂದ, ಇದು ನೀರಿನಿಂದಲೇ ಆಯಿತೆಂದು ವೈಜ್ಞಾನಿಕವಾಗಿ ಹೇಳಲಾಗದು. ಆದರೆ ಕ್ನೈಪ್ ಅವರಿಗೆ ಆ ವಿಷಯದಲ್ಲಿ ಸಂದೇಹವಿರಲಿಲ್ಲ. ಮ್ಯೂನಿಕ್‌ನ ಜಾರ್ಜಿಯಾನುಮ್ ಗುರುಮಠದಲ್ಲಿ ಓದುತ್ತಿದ್ದಾಗ ಅವರು ಕಾಯಿಲೆ ಬಿದ್ದ ಸಹಪಾಠಿಗಳಿಗೆ ಗುಟ್ಟಾಗಿ ಇದೇ ಉಪಚಾರ ಮಾಡುತ್ತಿದ್ದರು.

ಗುರುಸೇವೆ ಮತ್ತು ವಿರೋಧ

೧೮೫೨ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಕ್ನೈಪ್ ಗುರುದೀಕ್ಷೆ ಪಡೆದು, ಕೆಲವು ಊರುಗಳಲ್ಲಿ ಸಹಾಯಕ ಗುರುವಾಗಿ ಕೆಲಸ ಮಾಡಿದರು. ರೋಗಿಗಳನ್ನು ಭೇಟಿಮಾಡಿ ಅಂತಿಮ ಸಂಸ್ಕಾರಗಳನ್ನು ನೀಡುವುದು ಗುರುವಿನ ಕರ್ತವ್ಯವಾಗಿತ್ತು. ವೈದ್ಯ ಮಾಡುವುದಾದರೋ ಪರವಾನಗಿ ಇಲ್ಲದವರಿಗೆ ಕಾನೂನು ನಿಷೇಧಿಸಿದ ಕೆಲಸವಾಗಿತ್ತು. ವೈದ್ಯರನ್ನು ಕರೆಸಲಾಗದ ಬಡವರ ಹಾಸಿಗೆಯ ಪಕ್ಕದಲ್ಲಿ ಇವೆರಡರ ನಡುವಿನ ಗೆರೆಯನ್ನು ಕಾಯ್ದುಕೊಳ್ಳಲು ಅವರಿಂದ ಆಗಲಿಲ್ಲ. ಇದರಿಂದ ಅವರ ಮೇಲೆ ದೂರುಗಳು ಬಂದು ದಂಡವನ್ನೂ ತೆರಬೇಕಾಯಿತು. ೧೮೫೪ರಲ್ಲಿ ಬೋಸ್ ಎಂಬ ಊರಿನಲ್ಲಿ ಕಾಲರಾ ಹರಡಿದಾಗ ಅವರು ಮತ್ತೆ ರೋಗಿಗಳ ಉಪಚಾರಕ್ಕೆ ನಿಂತರು. ಜನರು ಅವರನ್ನು ಕಾಲರಾ ಗುರು ಎಂದು ಕರೆಯತೊಡಗಿದರು.

ವೋರಿಸ್‌ಹೋಫನ್

೧೮೫೫ರಲ್ಲಿ ಕ್ನೈಪ್ ಅವರನ್ನು ವೋರಿಸ್‌ಹೋಫನ್ ಎಂಬ ಹಳ್ಳಿಗೆ, ಡೊಮಿನಿಕನ್ ಕನ್ಯಾಸ್ತ್ರೀಯರ ಮಠದ ಗುರುವಾಗಿ ಕಳುಹಿಸಲಾಯಿತು. ಅಲ್ಲಿ ಅವರು ಮಠದ ಹೊಲಗದ್ದೆಗಳನ್ನು ಸುಧಾರಿಸಿದರು, ಜೇನು ಸಾಕಿದರು ಮತ್ತು ಜೇನುಸಾಕಣೆಯ ಬಗ್ಗೆ ಬರೆದರು. ಅವರ ಉಪಚಾರದ ಸುದ್ದಿ ಸುತ್ತಲಿನ ಹಳ್ಳಿಗಳಿಗೆ ಹಬ್ಬಿ, ಮಠದ ಬಟ್ಟೆ ಒಗೆಯುವ ಕೋಣೆಯೇ ಮೊದಲ ಚಿಕಿತ್ಸಾಲಯವಾಯಿತು. ೧೮೮೧ರಲ್ಲಿ ಅವರು ಆ ಊರಿನ ಚರ್ಚಿನ ಪ್ರಧಾನ ಗುರುವಾದರು.

ಚಿಕಿತ್ಸಾ ಕ್ರಮ

ಆರಂಭದಲ್ಲಿ ಕಠಿಣವಾಗಿದ್ದ ತಮ್ಮ ಕ್ರಮವನ್ನು ಕ್ನೈಪ್ ಅನುಭವದಿಂದ ಮೃದುಗೊಳಿಸುತ್ತಾ ಬಂದರು. ಮೈಯೆಲ್ಲ ಮುಳುಗಿಸುವ ಬದಲು, ಗಿಡಗಳಿಗೆ ನೀರುಣಿಸುವ ಸಾಧಾರಣ ಡಬ್ಬಿಯಿಂದ ಮೊಣಕಾಲು, ತೋಳು ಅಥವಾ ಬೆನ್ನಿನ ಮೇಲೆ ಅಲ್ಪಕಾಲ ನೀರು ಸುರಿಯುವುದು ಅವರ ಪದ್ಧತಿಯ ಗುರುತಾಯಿತು. ತಣ್ಣೀರು ತಾಗಿದಾಗ ಚರ್ಮದ ರಕ್ತನಾಳಗಳು ಸಂಕುಚಿಸಿ, ಬಳಿಕ ಹಿಗ್ಗುತ್ತವೆ. ಆ ಭಾಗಕ್ಕೆ ಬಿಸುಪು ಮರಳುತ್ತದೆ. ಇಬ್ಬನಿಯ ಹುಲ್ಲಿನ ಮೇಲೆ, ಒದ್ದೆ ಕಲ್ಲಿನ ಮೇಲೆ, ಆಗಷ್ಟೇ ಬಿದ್ದ ಹಿಮದ ಮೇಲೆ ಬರಿಗಾಲಲ್ಲಿ ನಡೆಯುವುದನ್ನೂ ಅವರು ಬೋಧಿಸಿದರು. ಅಂಗಾಲಿನ ನಿರ್ದಿಷ್ಟ ಬಿಂದುಗಳನ್ನು ಒತ್ತುವ ರಿಫ್ಲೆಕ್ಸಾಲಜಿ ಇದಕ್ಕಿಂತ ಬೇರೆಯಾದದ್ದು. ಅದು ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ವಿಲಿಯಂ ಫಿಟ್ಜ್‌ಜೆರಾಲ್ಡ್ ಮತ್ತು ಯೂನಿಸ್ ಇಂಗಮ್ ಅವರಿಂದ ರೂಪುಗೊಂಡಿತು. ಕ್ನೈಪ್ ಅವರ ಬೋಧನೆಯನ್ನು ಇಂದು ನೀರು, ಮೂಲಿಕೆ, ಆಹಾರ, ವ್ಯಾಯಾಮ ಮತ್ತು ಬದುಕಿನ ಕ್ರಮಬದ್ಧತೆ ಎಂಬ ಐದು ಅಂಗಗಳಾಗಿ ವಿಂಗಡಿಸಲಾಗುತ್ತದೆ. ಇವುಗಳಲ್ಲಿ ಕೊನೆಯದು ಮನಸ್ಸಿನ ಹಾಗೂ ಆತ್ಮದ ನೆಮ್ಮದಿಗೆ ಸಂಬಂಧಿಸಿದ್ದು.

ಕೃತಿಗಳು ಮತ್ತು ಸಂಸ್ಥೆಗಳು

೧೮೮೬ರಲ್ಲಿ ಪ್ರಕಟವಾದ ಮೈನೆ ವಾಸರ್‌ಕೂರ್ (ನನ್ನ ಜಲಚಿಕಿತ್ಸೆ) ಅನೇಕ ಭಾಷೆಗಳಿಗೆ ಅನುವಾದಗೊಂಡು ಕ್ನೈಪ್ ಅವರಿಗೆ ಅಂತರರಾಷ್ಟ್ರೀಯ ಖ್ಯಾತಿ ತಂದಿತು. ೧೮೮೯ರಲ್ಲಿ ಆರೋಗ್ಯಕರ ಜೀವನಕ್ರಮವನ್ನು ವಿವರಿಸುವ ಇನ್ನೊಂದು ಪುಸ್ತಕ ಹೊರಬಂದಿತು. ಖ್ಯಾತಿಯಿಂದ ಬಂದ ಹಣವನ್ನು ಅವರು ರೋಗಿಗಳ ಆಸರೆಗೇ ವಿನಿಯೋಗಿಸಿದರು. ವೋರಿಸ್‌ಹೋಫನ್‌ನಲ್ಲಿ ಸೆಬಾಸ್ಟಿಯಾನೇಯಮ್ (೧೮೯೧), ಮಕ್ಕಳ ಆಶ್ರಯಧಾಮ (೧೮೯೩) ಮತ್ತು ಕ್ನೈಪಿಯಾನುಮ್ (೧೮೯೬) ಸ್ಥಾಪನೆಯಾದವು. ಒಂದು ಕಾಲಕ್ಕೆ ಅವರನ್ನು ದೂರಿದ್ದ ವೃತ್ತಿಯವರಲ್ಲೇ ಹಲವರು ಈಗ ಅವರೊಡನೆ ಕೆಲಸ ಮಾಡಲು ಬಂದರು. ೧೮೯೪ರಲ್ಲಿ ಅವರ ಪದ್ಧತಿಯನ್ನು ಅನುಸರಿಸುವ ವೈದ್ಯರ ಸಂಘವೊಂದು ಹುಟ್ಟಿಕೊಂಡಿತು. ಆಸ್ಟ್ರಿಯಾದ ರಾಜಕುಟುಂಬದವರೂ ಹಳ್ಳಿಯ ಕೂಲಿಕಾರರೂ ಅವರ ಬಳಿ ಚಿಕಿತ್ಸೆಗೆ ಬರುತ್ತಿದ್ದರು. ೧೮೯೩ರಲ್ಲಿ ಪೋಪ್ ಹದಿಮೂರನೆಯ ಲಿಯೋ ಅವರು ಕ್ನೈಪ್ ಅವರಿಗೆ ಮೊನ್ಸಿಞೋರ್ ಪದವಿ ನೀಡಿ ಗೌರವಿಸಿದರು.

ನಿಧನ ಮತ್ತು ಪ್ರಭಾವ

ಕೊನೆಯ ದಿನಗಳಲ್ಲಿ ಕ್ನೈಪ್ ಅವರ ಕಿಬ್ಬೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಶಸ್ತ್ರಚಿಕಿತ್ಸೆಯನ್ನು ನಿರಾಕರಿಸಿದ ಅವರು ೧೮೯೭ರ ಜೂನ್ ೧೭ರಂದು ವೋರಿಸ್‌ಹೋಫನ್‌ನಲ್ಲಿ ನಿಧನರಾದರು. ಅವರ ಸಮಾಧಿ ಅಲ್ಲಿಯೇ ಇದೆ. ಅವರ ಶಿಷ್ಯ ಬೆನೆಡಿಕ್ಟ್ ಲುಸ್ಟ್ ಈ ಪದ್ಧತಿಯನ್ನು ಅಮೆರಿಕಕ್ಕೆ ಕೊಂಡೊಯ್ದು, ಅಲ್ಲಿ ಪ್ರಕೃತಿ ಚಿಕಿತ್ಸೆಯ ಚಳವಳಿಗೆ ನಾಂದಿ ಹಾಡಿದರು. ೧೯೨೦ರಿಂದ ಆ ಹಳ್ಳಿಯ ಹೆಸರಿಗೆ, ಚಿಕಿತ್ಸಾ ಸ್ನಾನದ ಊರು ಎಂಬುದನ್ನು ಸೂಚಿಸುವ ಬಾಡ್ ಎಂಬ ಪದ ಸೇರಿತು. ಜರ್ಮನಿಯು ೨೦೧೫ರಲ್ಲಿ ಕ್ನೈಪ್ ಪದ್ಧತಿಯನ್ನು ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಮೊಣಕಾಲಿನವರೆಗಿನ ತಣ್ಣೀರಿನಲ್ಲಿ ನಡೆಯಲು ಕಟ್ಟಿದ ಸಾರ್ವಜನಿಕ ಕೊಳಗಳು ಇಂದಿಗೂ ಆ ದೇಶದ ಅನೇಕ ಊರುಗಳಲ್ಲಿವೆ. ಅವುಗಳನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು.